ಕಂಠಪಾಠದಲ್ಲಿ ಬಿಟ್ಟುಹೋದ ಅರ್ಧ ವಚನ

ಡ್ಯುಸೆಲ್ಡಾರ್ಫ್, ಜರ್ಮನಿ
ರವಿವಾರ ರಾತ್ರಿ

ಪ್ರೀತಿಯ ಅವ್ವನಿಗೆ, ಅಪ್ಪನಿಗೆ,

ಕರ್ತನಾದ ಯೇಸುವಿನ ನಾಮದಲ್ಲಿ ನಿಮ್ಮ ಮಗಳ ವಂದನೆಗಳು. ನಾನು ಆರಾಮ ಇದ್ದೇನೆ. ಇಲ್ಲಿ ಚಳಿ ಶುರುವಾಗಿದೆ. ಅವ್ವ ಹೆಣೆದು ಕೊಟ್ಟ ಸ್ವೆಟರ್ ದಿನಾ ಹಾಕಿಕೊಳ್ಳುತ್ತೇನೆ.

ಅವ್ವ, ಹೋದ ವಾರ ಫೋನಿನಲ್ಲಿ ಒಂದೇ ಮಾತು ಮೂರು ಸಲ ಕೇಳಿದೆ. "ಚರ್ಚಿಗೆ ಹೋಗ್ತೀಯೋ ಇಲ್ಲೋ?" ನಾನು ಮಾತು ಹಾರಿಸಿದೆ. ನಿನಗೆ ಬೇಜಾರಾಯಿತು ಅಂತ ದನಿಯಲ್ಲೇ ಗೊತ್ತಾಯಿತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ತಿಂಗಳಲ್ಲಿ ಎರಡು ರವಿವಾರ ನನಗೆ ಡ್ಯೂಟಿ ಇರುತ್ತದೆ. ಉಳಿದ ರವಿವಾರ ತಪ್ಪದೆ ಹೋಗುತ್ತೇನೆ. ಪಾಸ್ಟರ್ ಜರ್ಮನ್‌ನಲ್ಲಿ ಮಾಡುವ ಪ್ರಸಂಗ ಪೂರ್ತಿ ತಿಳಿಯುವುದಿಲ್ಲ. ಆದರೆ ಎಲ್ಲರೂ ಎದ್ದು ಕರ್ತನ ಪ್ರಾರ್ಥನೆ ಹೇಳುವಾಗ ನಾನು ಕನ್ನಡದಲ್ಲೇ ಹೇಳುತ್ತೇನೆ.

ಡ್ಯೂಟಿ ಇರುವ ರವಿವಾರದ ಸಂಗತಿ ನಿನಗೆ ಹೇಳಬೇಕು. ನಾನು ನರ್ಸ್ ಆಗಿರುವ ವೃದ್ಧಾಶ್ರಮದಲ್ಲಿ ಒಬ್ಬ ಅಜ್ಜ ಇದ್ದರು. ತೊಂಬತ್ತು ದಾಟಿತ್ತು. ಮೊದಲ ದಿನ ಮೈ ಒರೆಸಲು ಬಿಸಿನೀರು ತೆಗೆದುಕೊಂಡು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು. "ನೀನು ಮುಟ್ಟಬೇಡ, ನಮ್ಮವರನ್ನು ಯಾರನ್ನಾದರೂ ಕಳಿಸು" ಅಂದರು. ಮರುದಿನವೂ ಅದೇ ಮಾತು. ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಂತು ಅತ್ತೆ. ನಿನಗೆ ಆಗ ಹೇಳಲಿಲ್ಲ, ಸುಮ್ನೆ ನಿದ್ದೆಗೆಡುತ್ತೀಯ ಅಂತ.

ಆದರೆ ಬೆಳಗಿನ ಪಾಳಿಯಲ್ಲಿ ಆ ಕೋಣೆ ನನ್ನದೇ. ಇಲ್ಲಿ ಒಳಗೆ ಹೋಗುವ ಮೊದಲು ಬಾಗಿಲ ಹೊರಗೆ ಔಷಧದ ನೀರು ಹಾಕಿಕೊಂಡು 30 ಸೆಕೆಂಡ್ ಕೈ ಉಜ್ಜಬೇಕು. ಆ 30 ಸೆಕೆಂಡ್ ನಾನು ಪ್ರಾರ್ಥನೆ ಮಾಡಲು ಶುರು ಮಾಡಿದೆ. "ಅಪ್ಪಾ ತಂದೆಯೇ, ಈ ಮನುಷ್ಯನ ಮೇಲೆ ನನಗೆ ಪ್ರೀತಿ ಇಲ್ಲ, ನಿನ್ನಲ್ಲಿದೆ, ಅದನ್ನೇ ಕೊಡು." ಆಮೇಲೆ ಒಳಗೆ ಹೋಗುತ್ತಿದ್ದೆ. ಮೊದಲು ಮುಖ, ಬರೀ ನೀರಿನಿಂದ. ಆಮೇಲೆ ಕೈ, ಬೆನ್ನು, ಕೊನೆಗೆ ಕಾಲು. ಕಾಲ್ಬೆರಳ ಸಂದಿಯಲ್ಲಿ ಹಸಿ ಉಳಿದರೆ ಚರ್ಮ ಬಿರಿಯುತ್ತದೆ, ಒಂದೊಂದೇ ಬೆರಳು ಬಿಡಿಸಿ ಒರೆಸಬೇಕು. ಅವರು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಎಷ್ಟೋ ವಾರ ಹೀಗೇ ಆಯಿತು. ಒಂದು ದಿನ ಬೆಳಿಗ್ಗೆ, ನಾನು ಟವೆಲ್ ಎತ್ತುವ ಮೊದಲೇ ಅವರಾಗಿಯೇ ಕೈ ಚಾಚಿದರು. ಕ್ಷಮೆ ಕೇಳಲಿಲ್ಲ, ನಗಲೂ ಇಲ್ಲ. ಕೈ ಚಾಚಿದರು, ಅಷ್ಟೇ. ಹೋದ ತಿಂಗಳು ತೀರಿಕೊಂಡರು.

ಸುಳ್ಳು ಹೇಳುವುದಿಲ್ಲ ಅವ್ವ, ಅವರು ನನಗೆ ಕೊನೆತನಕ ಇಷ್ಟವಾಗಲಿಲ್ಲ. ಆದರೆ ಅವರ ಕಾಲು ಒರೆಸುವುದನ್ನು ನಾನು ಒಂದು ದಿನವೂ ಅವಸರದಲ್ಲಿ ಮಾಡಲಿಲ್ಲ. ಇಲ್ಲಿ ಕೆಲವರು ಸೇವೆಯೇ ಪ್ರಾರ್ಥನೆ, ಬೇರೆ ಪ್ರಾರ್ಥನೆ ಯಾಕೆ ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಆ 30 ಸೆಕೆಂಡ್ ಇಲ್ಲದಿದ್ದರೆ ನಾನು ಎರಡನೇ ವಾರಕ್ಕೇ ಬೇರೆ ಪಾಳಿ ಕೇಳಿ ಹೋಗಿಬಿಡುತ್ತಿದ್ದೆ. ಯಾವ ಆಜ್ಞೆ ಮುಖ್ಯ ಅಂತ ಧರ್ಮಶಾಸ್ತ್ರ ಬಲ್ಲ ಒಬ್ಬ ಶಾಸ್ತ್ರಿ ಕೇಳಿದಾಗ ಯೇಸುಸ್ವಾಮಿ ದೇವರನ್ನು ಪ್ರೀತಿಸು ಅನ್ನುವುದನ್ನೇ ಮೊದಲು ಇಟ್ಟರು. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ, ನೆರೆಯವನನ್ನು ಪ್ರೀತಿಸು ಅನ್ನುವುದನ್ನೂ ಸೇರಿಸಿದರು. ಅವನು ಕೇಳಿದ್ದು ಒಂದು ಆಜ್ಞೆ, ಸ್ವಾಮಿ ಕೊಟ್ಟದ್ದು ಎರಡು.

ಹೋದ ಶನಿವಾರ ರಜೆ ಇತ್ತು, ಕೈಸರ್ಸ್‌ವೆರ್ತ್‌ಗೆ ಹೋಗಿದ್ದೆ. ಇದೇ ಊರಿನ ಒಂದು ಭಾಗ, ರೈನ್ ನದಿಯ ದಂಡೆಯಲ್ಲಿದೆ. 1833ರಲ್ಲಿ ಜೈಲಿನಿಂದ ಬಿಡುಗಡೆಯಾದ ಒಬ್ಬ ಹೆಂಗಸಿಗೆ ಹೋಗಲು ಜಾಗವಿರಲಿಲ್ಲ. ಅಲ್ಲಿನ ಪಾಸ್ಟರ್ ಥಿಯೋಡೋರ್ ಫ್ಲೀಡ್ನರ್ ಮತ್ತು ಅವರ ಹೆಂಡತಿ ಫ್ರೀಡರಿಕೆ ತಮ್ಮ ತೋಟದ ಸಣ್ಣ ಮನೆಯನ್ನೇ ಅವಳಿಗೆ ಬಿಟ್ಟುಕೊಟ್ಟರು. ಮೂರು ವರ್ಷಕ್ಕೆ, 1836ರಲ್ಲಿ, ಆಸ್ಪತ್ರೆ ಶುರು ಮಾಡಿ ಹೆಣ್ಣುಮಕ್ಕಳಿಗೆ ರೋಗಿಗಳ ಆರೈಕೆ ಕಲಿಸತೊಡಗಿದರು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಅಲ್ಲೇ ಬಂದು ಕಲಿತರು. ನರ್ಸಿಂಗ್ ಕಾಲೇಜಿನಲ್ಲಿ ನಾವು ಅವರ ಹೆಸರಿನಲ್ಲಿ ದೀಪ ಹಿಡಿದು ಪ್ರತಿಜ್ಞೆ ಮಾಡಿದ್ದು ನೆನಪಾಯಿತು.

ನಮ್ಮ ಬೆಟಗೇರಿಯ ಮಿಷನ್ ಆಸ್ಪತ್ರೆಗೆ ಊರಿನವರು ಇವತ್ತಿಗೂ ಜರ್ಮನ್ ಆಸ್ಪತ್ರೆ ಅನ್ನುತ್ತಾರಲ್ಲ. ಸುಟ್ಟ ಕೈಗೆ ಅಲ್ಲಿನ ಸಿಸ್ಟರ್ ಹದಿನೈದು ದಿನ ಪಟ್ಟಿ ಕಟ್ಟಿದ್ದನ್ನು ಆಯಿ ಎಷ್ಟು ಸಲ ಹೇಳಿಲ್ಲ! ನದಿ ದಂಡೆಯಲ್ಲಿ ಕೂತು ಆಯಿಯ ಆ ಕೈಯನ್ನೇ ನೆನೆದೆ.

ಈಗ ಹೇಳುವ ಮಾತಿಗೆ ಸಿಟ್ಟಾಗಬೇಡ ಅವ್ವ.

ಸಂಡೇ ಸ್ಕೂಲಿನಲ್ಲಿ ನೀನೇ ನಮಗೆ ಕಂಠಪಾಠ ಮಾಡಿಸಿದ್ದೆ, ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅಂತ. ಮೊನ್ನೆ ಅದನ್ನು ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಹುಡುಕಿ ಓದಿದೆ. ಹೊಲದ ಅಂಚಿನ ಪೈರು ಬಡವರಿಗೆ ಬಿಡು, ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ, ಕುರುಡನ ದಾರಿಯಲ್ಲಿ ಎಡವುವಂಥದ್ದನ್ನು ಇಡಬೇಡ, ಹೀಗೆ ಎಲ್ಲವೂ ಮನೆ, ಹೊಲ, ಓಣಿಯ ಮಾತು. ನಾವು ಬಾಯಿಪಾಠ ಮಾಡಿದ್ದು 18ನೇ ವಚನದ ಅರ್ಧ ಮಾತ್ರ. ಅದರ ಮೊದಲ ಅರ್ಧದಲ್ಲಿ ಸೇಡು ತೀರಿಸಬೇಡ, ನಿನ್ನ ಜನರ ಮೇಲೆ ಹಗೆ ಇಟ್ಟುಕೊಳ್ಳಬೇಡ ಅಂತಿದೆ. ಆದರೆ ಮಾತು ನಿನ್ನ ಜನಕ್ಕೇ ಮುಗಿಯುವುದಿಲ್ಲ. ಮುಂದೆ 34ನೇ ವಚನದಲ್ಲಿ ಪರದೇಶಿಯನ್ನೂ ನಿನ್ನಂತೆಯೇ ಪ್ರೀತಿಸು ಅಂತಿದೆ. ಪರದೇಶದಲ್ಲಿ ಕೂತು ಅದನ್ನು ಓದುವಾಗ ಕಣ್ಣು ತುಂಬಿ ಬಂತು.

ಪಕ್ಕದ ಮನೆ ಕಾಕುಗೆ ಲಕ್ವಾ ಹೊಡೆದಿದೆ ಅಂತ ಅಕ್ಕ ಹೇಳಿದಳು. ನೀನು ಹೋಗಿ ನೋಡಿಲ್ಲ ಅಂತಲೂ ಹೇಳಿದಳು. ಗಟಾರದ ನೀರಿನ ಜಗಳಕ್ಕೆ ಮೂರು ವರ್ಷವಾಯಿತು. ಅನ್ಯಾಯ ಅವರದ್ದೇ ಇರಬಹುದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ನಾನು ಹುಟ್ಟಿದಾಗ ನಿನಗೆ ಬಾಣಂತನದ ನೀರು ಹಾಕಿದವಳು ಅದೇ ಕಾಕು, ಅಲ್ವಾ? ಅವರ ಮಗ್ಗದ ಸದ್ದಿಗೇ ನಾನು ತೊಟ್ಟಿಲಲ್ಲಿ ಮಲಗುತ್ತಿದ್ದೆ ಅಂತ ನೀನೇ ಹೇಳಿದ್ದೀಯ. ಸುಗ್ಗಿ ಹಬ್ಬದ ಕಾಣಿಕೆಗೆ ಈ ಸಲ ಜಾಸ್ತಿ ದುಡ್ಡು ಕಳಿಸು ಅಂದಿದ್ದೆ. ಕಳಿಸಿದ್ದೇನೆ. ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಅನ್ನುವ ಯೇಸುಸ್ವಾಮಿಯ ಮಾತನ್ನು ನಾನು ನಿನಗೆ ಹೇಳಿಕೊಡಬೇಕಾಗಿಲ್ಲ.

ಹೋಗು ಅವ್ವ. ಗಟಾರದ ಮಾತು ಎತ್ತಬೇಡ. ಮೊದಲು ಸೊಸೆಯನ್ನು ಕೇಳು, ಕಾಕುಗೆ ನುಂಗಲು ಆಗುತ್ತದೆಯೇ, ಡಾಕ್ಟರು ಏನು ಕೊಡಲು ಹೇಳಿದ್ದಾರೆ ಅಂತ. ಮಲಗಿಸಿ ನೀರು ಕುಡಿಸಬೇಡಿ, ನೆಟ್ಟಗೆ ಕೂರಿಸಿ. ಒಂದೇ ಮಗ್ಗಲಲ್ಲಿ ಬಿಟ್ಟರೆ ಬೆನ್ನು, ಸೊಂಟಕ್ಕೆ ಹುಣ್ಣಾಗುತ್ತದೆ, ಎರಡು ತಾಸಿಗೊಮ್ಮೆ ತಿರುಗಿಸಬೇಕು. ಸೊಸೆ ಒಬ್ಬಳಿಂದ ಆಗುವ ಕೆಲಸವಲ್ಲ ಅದು. ಎತ್ತುವಾಗ ಬಿದ್ದುಹೋದ ಕೈ ಹಿಡಿದು ಎಳೆಯಬೇಡಿ, ಭುಜ ಜಾರುತ್ತದೆ. ಮುಷ್ಟಿ ಬಿಗಿಯಾಗಿದ್ದರೆ ನಿಧಾನ ಬಿಡಿಸಿ, ಬೆರಳ ಸಂದಿ ಒರೆಸಿ ಒಣಗಿಸು.

ಅಪ್ಪನ ಬಿಪಿ ಮಾತ್ರೆ ತಪ್ಪಿಸಬೇಡ. ಮುಂದಿನ ರವಿವಾರ ನನಗೆ ಡ್ಯೂಟಿ ಇಲ್ಲ, ಚರ್ಚು ಮುಗಿಸಿ ಬಂದ ಮೇಲೆ ಫೋನ್ ಮಾಡುತ್ತೇನೆ. ಕಾಕು ಎಡಗೈ ಬೆರಳು ಆಡಿಸುತ್ತಾಳಾ, ನೋಡಿಕೊಂಡು ಬಂದು ಹೇಳು.

ನಿಮ್ಮ ಮಗಳು