ಟ್ರ್ಯಾಕಿಗೆ ಹೋಗುವ ಹಳೆಯ ಕಾರಿಗೆ ಮೊದಲು ಬ್ರೇಕ್ ಆಯಿಲ್

ಸಂಪಾದಕರಿಗೆ ನಮಸ್ಕಾರ.

ಹಳೆಯ ಸ್ಪೋರ್ಟ್ಸ್ ಕಾರುಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಎಂಜಿನ್ನಿನ ಬಲ, ಸೈಲೆನ್ಸರ್ ಸದ್ದು, ಅಗಲ ಚಕ್ರಗಳ ಸುತ್ತಲೇ ಇರುತ್ತವೆ. ಅದನ್ನೋದಿ ಕಾರು ಕೊಂಡವರು ಮೊದಲ ದುಡ್ಡನ್ನು ಟರ್ಬೊಗೋ ಎಕ್ಸಾಸ್ಟ್‌ಗೋ ಸುರಿಯುತ್ತಾರೆ. ದಿನವೂ ಆಫೀಸಿಗೆ, ಆಗಾಗ ರೇಸ್ ಟ್ರ್ಯಾಕಿಗೆ ಹೋಗುವ 30 ವರ್ಷದ ಕಾರಿನಲ್ಲಿ ಮೊದಲು ಕೈಕೊಡುವುದು ತೇವ ಹೀರಿದ ಬ್ರೇಕ್ ಆಯಿಲ್, ಬಿರುಕುಬಿಟ್ಟ ರಬ್ಬರು, ಮುಪ್ಪಾದ ರೇಡಿಯೇಟರ್. ದುಡ್ಡು ಮೊದಲು ಅಲ್ಲಿಗೆ ಹೋಗಬೇಕು.

1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಕಾರನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಇದು ಮಿಯಾಟಾ. ಮಜ್ದಾ ಎಂದರೆ ಕರ್ನಾಟಕದಲ್ಲಿ ನೆನಪಾಗುವುದು ಸ್ವರಾಜ್ ಮಜ್ದಾ ವ್ಯಾನು. ಈ ಎರಡು ಸೀಟಿನ ಕಾರನ್ನು ಕಂಪನಿ ಭಾರತದಲ್ಲಿ ಮಾರಲೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗಾದರೆ ಇದು ಕೈಗೆಟುಕುವ ಕಾರು. ಹಗುರ, ಬಿಡಿಭಾಗ ಸುಲಭವಾಗಿ ಸಿಗುತ್ತವೆ, ಲಗುನಾ ಸೆಕಾ, ಥಂಡರ್‌ಹಿಲ್ ಟ್ರ್ಯಾಕ್‌ಗಳು ಕೆಲವೇ ಗಂಟೆಗಳ ದಾರಿ.

ಬ್ರೇಕಿನಿಂದ ಶುರು ಮಾಡೋಣ. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದ ಆಯಿಲಿಗೆ ಆ ಮಿತಿ 155ಕ್ಕೆ ಇಳಿಯುತ್ತದೆ. ಊರೊಳಗಿನ ಓಡಾಟದಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಲಗುನಾ ಸೆಕಾದ ಎರಡನೇ ತಿರುವಿಗೆ, ಮತ್ತೆ ಕಾರ್ಕ್‌ಸ್ಕ್ರೂ ಇಳಿಜಾರಿಗೆ ಮುಂಚೆ, ಪ್ರತಿ ಸುತ್ತಿನಲ್ಲೂ ಜೋರಾಗಿ ತುಳಿದಾಗ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗಿನ ಆಯಿಲ್ ಕುದಿದು ಆವಿಯಾಗುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಬಿಸಿಗೆ ಸೋತಿದೆ. ಪೆಡಲ್ ಮೆತ್ತಗಾದರೆ ಆಯಿಲ್ ಕುದ್ದಿದೆ. ಈ ಎರಡನ್ನೂ ಒಂದೇ ಎಂದುಕೊಂಡು ದುಬಾರಿ ಪ್ಯಾಡ್ ಹಾಕಿಸಿದರೆ ತೊಂದರೆ ಹಾಗೇ ಉಳಿಯುತ್ತದೆ.

ಪೂರ್ತಿ ಆಯಿಲ್ ಬದಲಿಸಲು 1 ಲೀಟರ್ ಸಾಕು. ಪೆಡಲ್ ತುಳಿತವನ್ನು ಆಯಿಲಿನ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಶುರುಮಾಡಿ ಏರ್ ತೆಗೆಯಬೇಕು, ಅಂದರೆ ಹಳೆಯ ಆಯಿಲನ್ನೂ ಗಾಳಿಯನ್ನೂ ಹೊರಬಿಡಬೇಕು. ಎಡಗಡೆ ಸ್ಟೀರಿಂಗಿನ ಕಾರಿನಲ್ಲಿ ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ. ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯವಿದೆ. ಹಳೆಯ ಮಾಸ್ಟರ್ ಸಿಲಿಂಡರಿನ ತುದಿಯ ಭಾಗಕ್ಕೆ ರಬ್ಬರ್ ಸೀಲು ವರ್ಷಗಟ್ಟಲೆ ಹೋಗಿರುವುದಿಲ್ಲ, ಅಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಏರ್ ತೆಗೆಯುವಾಗ ಪೆಡಲನ್ನು ತಳದವರೆಗೆ ತುಳಿದರೆ ಸೀಲು ಅದಕ್ಕೆ ಉಜ್ಜಿ ಹರಿಯುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡಿಟ್ಟು, ನಿಧಾನವಾಗಿ ತುಳಿಯಿರಿ.

ಹಿಂದಿನ ಕ್ಯಾಲಿಪರ್ ಈ ಕಾರಿನ ಹಳೆಯ ರೋಗ. ಅದು ಜಾರಾಡುವ ಸ್ಲೈಡ್ ಪಿನ್ ಹಿಡಿದುಕೊಳ್ಳುತ್ತದೆ, ಹ್ಯಾಂಡ್‌ಬ್ರೇಕ್ ಸಡಿಲವಾಗುತ್ತದೆ. ಜನ ಕೇಬಲ್ ಬಿಗಿಮಾಡಿ ಸುಮ್ಮನಾಗುತ್ತಾರೆ. ಅದು ತಪ್ಪು ಕ್ರಮ. ಪಿನ್ ಬಿಚ್ಚಿ ಒರೆಸಿ, ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಆಮೇಲೆ ಕ್ಯಾಲಿಪರ್ ಹಿಂಬದಿಯ 14 ಮಿ.ಮೀ. ಬೋಲ್ಟ್ ತೆಗೆದರೆ ಒಳಗೆ ಪ್ಯಾಡಿನ ಅಂತರ ಹೊಂದಿಸುವ, 4 ಮಿ.ಮೀ. ಅಲೆನ್ ಕೀ ಕೂರುವ ಸ್ಕ್ರೂ ಇದೆ. ಚಕ್ರ ತಿರುಗದಷ್ಟು ಬಿಗಿಮಾಡಿ, ಸುತ್ತಿನ ಮೂರನೇ ಒಂದು ಭಾಗ ಹಿಂದಕ್ಕೆ ಸಡಿಲಿಸಿ. ಕೇಬಲ್ ಮುಟ್ಟುವುದು ಇದಾದ ಮೇಲೆಯೇ.

ಪ್ಯಾಡ್ ಅರ್ಧ ಸವೆದಿದ್ದರೆ ಟ್ರ್ಯಾಕಿಗೆ ಹೊಸದು ಹಾಕಿ. ತೆಳು ಪ್ಯಾಡ್ ಬಿಸಿಯನ್ನು ನೇರ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ದಾಟಿಸುತ್ತದೆ. ರೇಸಿನ ಪ್ಯಾಡ್ ಹಾಕಿಕೊಂಡೇ ಆಫೀಸಿಗೆ ಹೋಗಬೇಡಿ, ತಣ್ಣಗಿರುವಾಗ ಅದು ಸರಿಯಾಗಿ ಕಚ್ಚುವುದಿಲ್ಲ.

ಇನ್ನು ಎಂಜಿನ್ನನ್ನು ತಂಪಿಡುವ ನೀರು. ಈ ಎಂಜಿನ್ ಮೂಲದಲ್ಲಿ ಮುಂಚಕ್ರ ಚಾಲನೆಯ ಕಾರಿಗಾಗಿ ಅಡ್ಡಲಾಗಿ ಕೂರಿಸುವಂತೆ ರೂಪಿಸಿದ್ದು. ಮಿಯಾಟಾದಲ್ಲಿ ಉದ್ದಕ್ಕೆ ತಿರುಗಿಸಿದಾಗ ಬಿಸಿ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಮುಂದಕ್ಕೆ ಬಂತು. ನೀರು ಒಳಹೋಗುವುದೂ ಮುಂದೆಯೇ, ಹೊರಬರುವುದೂ ಮುಂದೆಯೇ. ಹಾಗಾಗಿ ಹಿಂದಿನ ನಾಲ್ಕನೇ ಸಿಲಿಂಡರಿಗೆ ತಂಪು ಕಡಿಮೆ. ರಸ್ತೆಗೆ ಇದು ಸಾಕು. ಬೇಸಿಗೆಯ ಥಂಡರ್‌ಹಿಲ್ಲಿನಲ್ಲಿ ಪದೇ ಪದೇ ಓಡಿಸುವವರು ನೀರು ಹೊರಬರುವ ದಾರಿಯನ್ನು ಹೆಡ್ಡಿನ (ಎಂಜಿನ್ನಿನ ಮೇಲ್ಭಾಗದ) ಹಿಂದಕ್ಕೆ ಬದಲಿಸಿಕೊಳ್ಳುವುದು ಒಳ್ಳೆಯದು. ಅದಕ್ಕೂ ಮೊದಲು ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ನೋಡಿ. ಕಪ್ಪು ಬಣ್ಣ ಹೋಗಿ ಕಂದು ಹಸಿರಾಗಿದ್ದರೆ ಪ್ಲಾಸ್ಟಿಕ್ ಪೆಡಸಾಗಿದೆ, ಯಾವಾಗ ಬೇಕಾದರೂ ಸೀಳಬಹುದು. ಸುಮಾರು 6 ಲೀಟರ್ ಕೂಲೆಂಟ್ ಹಿಡಿಯುತ್ತದೆ, ಅರ್ಧಕ್ಕರ್ಧ ಡಿಸ್ಟಿಲ್ಡ್ ನೀರು. ತುಂಬುವಾಗ ಕಾರಿನ ಮೂತಿ ಎತ್ತಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿಡಿ, ಇಲ್ಲವಾದರೆ ಒಳಗೆ ಗಾಳಿ ಉಳಿಯುತ್ತದೆ.

ವಾಲ್ವ್ ತೆರೆಯುವ ಹೊತ್ತು ಹೊಂದಿಸುವ ಟೈಮಿಂಗ್ ಬೆಲ್ಟ್ 96,000 ಕಿ.ಮೀ.ಗೆ ಬದಲಿಸಬೇಕು, ಅದರ ಜೊತೆಗೇ ವಾಟರ್ ಪಂಪ್, ಆಯಿಲ್ ಸೀಲುಗಳು. ಬೆಲ್ಟ್ ತುಂಡಾದರೂ ಈ ಎಂಜಿನ್ನಿನಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿಯುವುದಿಲ್ಲ, ಅದೊಂದು ಸಮಾಧಾನ. 1991ರ ಮಧ್ಯದವರೆಗಿನ 1.6 ಲೀಟರ್ ಕಾರು ಕೊಳ್ಳುವವರು ಮಾತ್ರ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗು ದಂಡದ) ಮುಂದಿನ ಪುಲ್ಲಿ ನೋಡಲೇಬೇಕು. ನಾಲ್ಕು ಸೀಳು ಇದ್ದರೆ ಅದು ಮೂತಿ ಗಿಡ್ಡವಿರುವ ಹಳೆಯ ಕ್ರ್ಯಾಂಕ್, ಎಂಟು ಇದ್ದರೆ ತಿದ್ದಿದ್ದು. ಗಿಡ್ಡ ಮೂತಿಯದರಲ್ಲಿ ಬೋಲ್ಟ್ ಸಡಿಲವಾದರೆ ಕೀಲಿ ಕೂರುವ ಕಚ್ಚು ಸವೆದು ಪುಲ್ಲಿ ಅಲುಗುತ್ತದೆ, ಟೈಮಿಂಗ್ ತಪ್ಪುತ್ತದೆ. ಬೆಲ್ಟಿನ ಕೆಲಸದಲ್ಲಿ ಆ ಬೋಲ್ಟನ್ನು ಅಂದಾಜಿನ ಮೇಲೆ ಬಿಗಿಮಾಡಿದ ಕಾರುಗಳಲ್ಲೇ ಇದು ಹೆಚ್ಚು. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದವರ ಕೈಗೆ ಈ ಕೆಲಸ ಕೊಡಬೇಡಿ.

ಹೆಡ್ಡಿನ ಹಿಂದೆ, ಕ್ಯಾಮ್ ಸೆನ್ಸರ್ ಬುಡದ ರಬ್ಬರ್ ಓ-ರಿಂಗ್ ಗಟ್ಟಿಯಾಗಿ ಆಯಿಲ್ ಸೋರುತ್ತದೆ. ರಿಂಗಿನ ಬೆಲೆ ಏನೂ ಅಲ್ಲ, ಆದರೆ ಆ ಆಯಿಲ್ ಹೀಟರ್ ಹೋಸ್ ಮೇಲೆ ತೊಟ್ಟಿಕ್ಕಿ ಅದನ್ನು ಕೊಳೆಸುತ್ತದೆ. ಗೇರ್‌ಬಾಕ್ಸಿಗೆ 2 ಲೀಟರ್ 75ಡಬ್ಲ್ಯು-90 ಗೇರ್ ಆಯಿಲ್, ಜಿಎಲ್-4 ದರ್ಜೆಯದು. ಜಿಎಲ್-5 ದರ್ಜೆಯದು ಹಿಂಚಕ್ರಗಳ ನಡುವಿನ ಡಿಫರೆನ್ಷಿಯಲ್‌ಗೆ.

ಸಸ್ಪೆನ್ಷನ್ನಿನ ರಬ್ಬರ್ ಬುಷ್ ಬದಲಿಸುವವರು ಬೋಲ್ಟುಗಳನ್ನು ಕಾರು ಜಾಕ್ ಮೇಲೆ ನೇತಾಡುತ್ತಿರುವಾಗ ಬಿಗಿಮಾಡುವುದನ್ನು ಬಿಡಬೇಕು. ಚಕ್ರ ನೆಲಕ್ಕೆ ಕೂತ ಎತ್ತರದಲ್ಲೇ ಬಿಗಿಮಾಡಿ. ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ವೀಲ್ ನಟ್‌ಗೆ 88ರಿಂದ 118 ನ್ಯೂಟನ್ ಮೀಟರ್ ಬಿಗಿ. ಟ್ರ್ಯಾಕಿನಲ್ಲಿ ಪ್ರತಿ ಸರದಿಗೆ ಮುಂಚೆ, ಚಕ್ರ ತಣಿದ ಮೇಲೆ ಮತ್ತೆ ನೋಡಿ. ಟೈರಿನ ಬದಿಯಲ್ಲಿ 2319 ಎಂದಿದ್ದರೆ 2019ರ 23ನೇ ವಾರದ್ದು. ಗೀರು ಆಳವಿದ್ದರೂ ಆರು ವರ್ಷ ದಾಟಿದ ಟೈರು ಟ್ರ್ಯಾಕಿಗೆ ಬೇಡ.

ಛಾವಣಿ ತೆರೆಯುವ ಈ ಕಾರಿಗೆ ರೋಲ್ ಬಾರ್, ಅಂದರೆ ಕಾರು ಮಗುಚಿದರೆ ತಲೆ ಕಾಯುವ ಉಕ್ಕಿನ ಕಮಾನು, ಬೇಕೇ ಬೇಕು. ಬಾರಿನ ತುದಿಯಿಂದ ಮುಂದಿನ ಗಾಜಿನ ಚೌಕಟ್ಟಿನವರೆಗೆ ನೇರ ಕೋಲಿಟ್ಟರೆ, ಹೆಲ್ಮೆಟ್ ಅದರಿಂದ 5 ಸೆಂ.ಮೀ. ಕೆಳಗಿರಬೇಕು. ರಸ್ತೆಯಲ್ಲಿ ಹೆಲ್ಮೆಟ್ ಇರುವುದಿಲ್ಲ, ಬರಿಯ ತಲೆಗೆ ಆ ಉಕ್ಕಿನ ಕೊಳವೆಯೇ ಅಪಾಯ. ಅದಕ್ಕೆ ಗಟ್ಟಿ ಪ್ಯಾಡಿಂಗ್ ಸುತ್ತದೆ ಕಾರನ್ನು ರಸ್ತೆಗೆ ತರಬಾರದು. ಎಕ್ಸಾಸ್ಟ್ ಬದಲಿಸುವ ಆಸೆಯಿದ್ದವರು ಎರಡು ವರ್ಷಕ್ಕೊಮ್ಮೆ ಬರುವ ಕ್ಯಾಲಿಫೋರ್ನಿಯಾದ ಹೊಗೆ ತಪಾಸಣೆಯನ್ನೂ ಲಗುನಾ ಸೆಕಾದ ಶಬ್ದಮಿತಿಯನ್ನೂ ನೆನಪಿಡಿ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತ ಕಾರು ಮೊದಲನೆಯದರಲ್ಲೇ ಫೇಲು.

ಬೆಂಗಳೂರಿನಿಂದ ಹಳೆಯ ಹೋಂಡಾ ಸಿಟಿಯನ್ನೋ ಫಿಯೆಟ್ ಪಾಲಿಯೋವನ್ನೋ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ, ಶ್ರೀಪೆರಂಬುದೂರಿಗೆ ಒಯ್ಯುವವರಿಗೂ ಬ್ರೇಕ್ ಆಯಿಲಿನ ಲೆಕ್ಕ ಇದೇ. ಅಲ್ಲಿನ ಸೆಕೆಯಲ್ಲಿ ಓಡಿಸಿ ಬಂದು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಪ್ಯಾಡ್ ಡಿಸ್ಕಿಗೆ, ಹಿಂದೆ ಡ್ರಮ್ ಬ್ರೇಕ್ ಇದ್ದರೆ ಅದರ ಶೂ ಡ್ರಮ್ಮಿಗೆ, ಅಂಟಬಹುದು. ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.

— ಒಬ್ಬ ಓದುಗ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ