ಅಪ್ಪಾ, ಇಲ್ಲೂ ಅಗಳು ಇದೆ

ಪ್ರೀತಿಯ ಅಪ್ಪ, ಅಮ್ಮ, ಅಜ್ಜಿಗೆ,

ಫೋನಿನಲ್ಲಿ ಹೇಳೋಣ ಅಂದರೆ ನಮ್ಮೂರ ನೆಟ್‌ವರ್ಕ್ ಅರ್ಧ ಮಾತಿಗೇ ಕೈ ಕೊಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮ, ಅಜ್ಜಿಗೆ ಇದನ್ನು ಪೂರ್ತಿ ಓದಿ ಹೇಳು, ಮಧ್ಯೆ ಹಾರಿಸಬೇಡ. ಅವಳನ್ನು ಒಂದು ವಿಷಯ ಕೇಳುವುದಿದೆ.

ಹೋದ ಶನಿವಾರ ಪೆಟ್‌ವರ್ತ್ ಅನ್ನೋ ಊರಿಗೆ ಹೋಗಿದ್ದೆ. ಇಲ್ಲೇ ಇಂಗ್ಲೆಂಡಿನ ಸಸೆಕ್ಸ್ ಕಡೆ. ಪುಲ್‌ಬರೋ ತನಕ ರೈಲು, ಅಲ್ಲಿಂದ ಬಸ್ಸು. ಬಸ್ಸು ನನ್ನ ಕಣ್ಣೆದುರೇ ಹೊರಟುಹೋಯಿತು, ಮುಂದಿನದಕ್ಕೆ ಒಂದು ಗಂಟೆ ಕಾದೆ, ಅಮ್ಮ ಕೊಟ್ಟ ಕೋಡುಬಳೆಯಲ್ಲಿ ಉಳಿದಿದ್ದ ಐದಾರು ಅಲ್ಲೇ ಖಾಲಿಯಾದವು. ಮುಂದಿನ ಸಲ ಯಾರಾದರೂ ಬರುವವರಿದ್ದರೆ ಕಳಿಸು.

ಊರು ಚಿಕ್ಕದು. ಆದರೆ ಅದರ ಪಕ್ಕಕ್ಕೇ ಒಂದು ದೊಡ್ಡ ಬಂಗಲೆ, ಬಂಗಲೆ ಎದುರು 700 ಎಕರೆ ಹುಲ್ಲುಗಾವಲು. ಒಬ್ಬರೇ ಮನೆಯವರಿಗೆ ಏಳುನೂರು ಎಕರೆ ಅಪ್ಪಾ, ಅದೂ ಒಂದು ಗಿಡ ಅಡಿಕೆಯಿಲ್ಲ, ಬತ್ತವಿಲ್ಲ, ನೋಡೋಕೆ ಮಾತ್ರ! ಹುಲ್ಲು, ಅಲ್ಲಲ್ಲಿ ಓಕ್ ಮರ, ಬಗ್ಗಿ ಬಳುಕಿ ಹೋಗುವ ಒಂದು ಕೆರೆ, ತುಂಬಾ ಜಿಂಕೆ. 1947ರಲ್ಲಿ ಆ ಮನೆಯವರು ಬಂಗಲೆಯನ್ನೂ ಪಾರ್ಕನ್ನೂ ನ್ಯಾಷನಲ್ ಟ್ರಸ್ಟ್ ಅನ್ನೋ, ಹಳೆ ಮನೆ ಜಾಗಗಳನ್ನು ಕಾಪಾಡುವ ಸಂಸ್ಥೆಗೆ ಬಿಟ್ಟುಕೊಟ್ಟರು. ಪಾರ್ಕಿನಲ್ಲಿ ತಿರುಗಾಡಲು ದುಡ್ಡಿಲ್ಲ. ಬಂಗಲೆ ಒಳಗೆ ಹೋಗಲು ಟಿಕೆಟ್ಟು, ಅದಕ್ಕೇ ನಾನು ಒಳಗೆ ಹೋಗಲಿಲ್ಲ. ನಕ್ಕರೆ ನಗಿ.

ಜಿಂಕೆ ವಿಷಯ ಮೊದಲು ಹೇಳಿಬಿಡುತ್ತೇನೆ. ಇವಕ್ಕೆ ಫ್ಯಾಲೋ ಜಿಂಕೆ ಅಂತಾರೆ. ಬೇಸಿಗೆಯಲ್ಲಿ ಮೈಮೇಲೆ ಬಿಳಿ ಚುಕ್ಕೆ ಇರುತ್ತವೆ, ದೂರದಿಂದ ನೋಡಿದರೆ ನಮ್ಮ ಚುಕ್ಕೆ ಜಿಂಕೆಯೇ. ಚಳಿಗಾಲ ಬಂದಹಾಗೆ ಹೆಚ್ಚಿನವು ಬೂದು ಬಣ್ಣಕ್ಕೆ ತಿರುಗುತ್ತವೆ. ಕೆಲವು ಪೂರ್ತಿ ಕಪ್ಪು, ಕೆಲವು ಬಿಳಿ. ಗಂಡಿನ ಕೊಂಬು ಮಾತ್ರ ಬೇರೆ ಥರ, ಬುಡದಲ್ಲಿ ಕೋಲಿನ ಹಾಗೆ ಹೊರಟು ತುದಿಯಲ್ಲಿ ಅಂಗೈ ಬಿಚ್ಚಿದ ಹಾಗೆ ಅಗಲವಾಗುತ್ತದೆ. ವರ್ಷಾ ಏಪ್ರಿಲ್, ಮೇ ಹೊತ್ತಿಗೆ ಉದುರಿ ಮತ್ತೆ ಹೊಸದು ಬೆಳೆಯುತ್ತದೆ. ಇವು ಈ ನೆಲದ ಮೂಲ ಪ್ರಾಣಿಯೂ ಅಲ್ಲವಂತೆ. ಸಾವಿರ ವರ್ಷದ ಹಿಂದೆ ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರು ಬೇಟೆಗೆ ಅಂತ ತಂದು ಊರೆಲ್ಲ ಹರಡಿದ್ದು.

ನಾನು ಹೋಗಿದ್ದು ಅಕ್ಟೋಬರ್, ಅಂದರೆ ಅವು ಬೆದೆಗೆ ಬರುವ ಕಾಲ. ಗೇಟು ದಾಟಿ ಐದು ನಿಮಿಷ ನಡೆದಿದ್ದೆ ಅಷ್ಟೇ, ಎಲ್ಲಿಂದಲೋ ಗೊರಕೆ ಕೇಳಿಸಿತು. ಸುಮ್ನೆ ಹೇಳುತ್ತಿಲ್ಲ, ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಜಗಲಿಯಲ್ಲಿ ಮಲಗಿದಾಗ ಬರುತ್ತದಲ್ಲ, ಅದೇ ಥರ, ಆದರೆ ನಿಲ್ಲಿಸದೆ, ಒಂದೇ ಸಮನೆ. ನೋಡಿದರೆ ಓಕ್ ಮರದ ಕೆಳಗೆ ಒಂದು ಗಂಡು ಕತ್ತು ಚಾಚಿ ಕೂಗುತ್ತಿದೆ. ಕೊಂಬಿನ ತುಂಬ ಹುಲ್ಲು, ಜರಿಗಿಡ ಸಿಕ್ಕಿಕೊಂಡು ನೇತಾಡುತ್ತಿತ್ತು, ಪೊದೆಗೆ ಗುದ್ದಿ ಗುದ್ದಿ ಬಂದಿದ್ದಿರಬೇಕು. ಕಾಲಲ್ಲಿ ನೆಲ ಕೆರೆದು ಗುಂಡಿ ಮಾಡಿ ಅದರಲ್ಲಿ ಉಚ್ಚೆ ಹೊಯ್ದು ಹೊರಳುತ್ತವೆ. ವಾಸನೆ ನನ್ನ ತನಕ ಬರುತ್ತಿತ್ತು, ನಮ್ಮ ಕೊಟ್ಟಿಗೆಯೇ ಎಷ್ಟೋ ವಾಸಿ. ಈ ದಿನಗಳಲ್ಲಿ ಗಂಡುಗಳು ಸರಿಯಾಗಿ ಮೇಯುವುದೂ ಇಲ್ಲ. ಹತ್ತಿರ ಹೋಗಬಾರದು, 50 ಮೀಟರ್ ದೂರವಾದರೂ ಇರಬೇಕು. ಅಮ್ಮ, ಹೆದರಬೇಡ, ನಾನು ನೂರು ಮೀಟರ್ ದೂರವೇ ಇದ್ದೆ.

ಅಲ್ಲಿ ನಿಂತು ನೋಡುವಾಗ ಮರಗಳಲ್ಲಿ ಏನೋ ವಿಚಿತ್ರ ಅನ್ನಿಸಿತು. ಎಲ್ಲ ಮರಗಳ ಕೊಂಬೆಯೂ ಕೆಳಗಡೆ ಒಂದೇ ಎತ್ತರಕ್ಕೆ ನಿಂತಿದೆ, ಗಾರೆಯವರು ದಾರ ಹಿಡಿದು ಕತ್ತರಿಸಿದ ಹಾಗೆ! ಮೊದಲು ಮಾಲಿಗಳ ಕೆಲಸ ಅಂದುಕೊಂಡೆ. ಅಲ್ಲ, ಜಿಂಕೆ ಕತ್ತು ಎತ್ತಿದರೆ ಎಷ್ಟು ಎತ್ತರಕ್ಕೆ ಬಾಯಿ ಸಿಗುತ್ತದೋ ಅಷ್ಟರ ತನಕ ಎಲೆ ಇಲ್ಲ. ನಮ್ಮ ಸೊಪ್ಪಿನ ಬೆಟ್ಟದಲ್ಲಿ ನಾವು ಮರ ಹತ್ತಿ ಸೊಪ್ಪು ಕಡಿಯುತ್ತೇವೆ, ಇಲ್ಲಿ ಅವೇ ಕೆಳಗಿನಿಂದ ಬೋಳಿಸುತ್ತವೆ. ಅದಕ್ಕೇ ಕೊಂಬೆಗಳ ಕೆಳಗಿನಿಂದ ಕೆರೆಯ ತನಕ ನೋಟ ಸೀದಾ ಹೋಗುತ್ತದೆ.

ಈಗ ಆ ಕೆರೆ. ನೋಡಿದರೆ ಯಾವುದೋ ಹೊಳೆ ಪುರಾತನ ಕಾಲದಿಂದ ಹಾಗೇ ಬಳುಕಿ ಹರಿಯುತ್ತಿದೆ ಅನ್ನಬೇಕು, ಎರಡೂ ತುದಿ ಕಾಣುವುದಿಲ್ಲ. ಆದರೆ ಅದು 1750ರ ದಶಕದಲ್ಲಿ ಕಟ್ಟಿದ್ದು. ಕಟ್ಟಿಸಿದವನು ಲ್ಯಾನ್ಸ್‌ಲಾಟ್ ಬ್ರೌನ್. ನಾರ್ತಂಬರ್‌ಲ್ಯಾಂಡಿನ ಹಳ್ಳಿಯವನು, ಹುಟ್ಟಿದ್ದು 1716ರಲ್ಲಿ, ತೋಟದ ಕೆಲಸದಿಂದಲೇ ಮೇಲೆ ಬಂದವನು. ಶ್ರೀಮಂತರ ಜಾಗ ನೋಡಿ "ಇಲ್ಲಿ ಒಳ್ಳೆ ಕೇಪಬಿಲಿಟಿ ಇದೆ", ಅಂದರೆ ಚೆಂದ ಮಾಡಲು ಅವಕಾಶ ಇದೆ ಅನ್ನುತ್ತಿದ್ದನಂತೆ, ಹಾಗಾಗಿ ಕೇಪಬಿಲಿಟಿ ಬ್ರೌನ್ ಅಂತಲೇ ಹೆಸರಾಯಿತು. 1783ರಲ್ಲಿ ಸಾಯುವ ಹೊತ್ತಿಗೆ 170ಕ್ಕೂ ಜಾಸ್ತಿ ಜಾಗಗಳಲ್ಲಿ ಕೈಯಾಡಿಸಿದ್ದ. ಪೆಟ್‌ವರ್ತ್‌ನಲ್ಲಿ ಅವನಿಗಿಂತ ಮುಂಚೆ ಗೆರೆ ಎಳೆದ ಹಾಗೆ ಕಟ್ಟಿದ್ದ ಹಳೆ ತೋಟವಿತ್ತು. ಅದನ್ನೆಲ್ಲ ಕಿತ್ತು ಹುಲ್ಲನ್ನು ಬಂಗಲೆಯ ಗೋಡೆ ತನಕ ತಂದ. ನೀರಿಗೆ ಅಡ್ಡ ಏರಿ ಹಾಕಿ ಕೆರೆ ಮಾಡಿದ. ನೀರು ಸೋರದ ಹಾಗೆ ಜೇಡಿಮಣ್ಣನ್ನು ಕಲಸಿ ತುಳಿದು ಕೂರಿಸುವುದು ಅವನ ಪದ್ಧತಿ. ಅಪ್ಪ, ಇದು ನಿಮಗೆ ಹೊಸದಲ್ಲ, ನಮ್ಮ ಕೆರೆ ಏರಿ ಸೋರಿದಾಗ ನೀವು ಮಾಡಿಸಿದ್ದೂ ಅದೇ.

ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಬೇಲಿಯ ವಿಷಯ. ಬಂಗಲೆ ಪಕ್ಕದ ಹೂದೋಟದಲ್ಲಿ ನಿಂತು ನೋಡಿದರೆ ಹುಲ್ಲು ಹಾಗೇ ಮುಂದುವರಿದು ಜಿಂಕೆಗಳ ಕಾಲಡಿಗೆ ಹೋಗುತ್ತದೆ. ಬೇಲಿಯೇ ಇಲ್ಲ. ಹಾಗಾದರೆ ಜಿಂಕೆ ಒಳಗೆ ಬಂದು ಗುಲಾಬಿ ತಿನ್ನುವುದಿಲ್ಲ ಯಾಕೆ? ಹತ್ತು ಹೆಜ್ಜೆ ಮುಂದೆ ಹೋದೆ, ಕಾಲ ಬುಡದಲ್ಲಿ ನೆಲ ತಟ್ಟನೆ ಮುಗಿಯಿತು. ಅಗಳು! ದನ ನುಗ್ಗದ ಹಾಗೆ ತೋಟದ ಸುತ್ತ ತೋಡುತ್ತೇವಲ್ಲ ಕಂದಕ, ಸಾಕ್ಷಾತ್ ಅದೇ ನಮ್ಮ ತೋಟದ ಅಗಳು. ಇವರು ಇದಕ್ಕೆ ಹಾ-ಹಾ ಅಂತಾರೆ, ಎದುರಾದವರು "ಹಾ!" ಅಂತ ಬೆಚ್ಚುತ್ತಾರೆ ಅಂತ ಆ ಹೆಸರಂತೆ. ನಾನು "ಅಯ್ಯೋ" ಅಂದೆ, ಹಾಗಾಗಿ ನಮ್ಮ ಕಡೆಯಾದರೆ ಅಯ್ಯೋ ಅಂತ ಹೆಸರಿಡಬೇಕು.

ನಮ್ಮ ಅಗಳಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ನಾವು ಅಗೆದ ಮಣ್ಣನ್ನು ತೋಟದ ಬದಿಗೇ ಎತ್ತಿ ದಂಡೆ ಮಾಡುತ್ತೇವೆ, ದೂರಕ್ಕೇ ಕಾಣುತ್ತದೆ. ಇಲ್ಲಿ ಮನೆಯ ಬದಿಗೆ ಕಲ್ಲಿನ ಗೋಡೆ ನೆಟ್ಟಗೆ, ಅದರ ತಲೆ ಸರಿಯಾಗಿ ಹುಲ್ಲಿನ ಮಟ್ಟಕ್ಕೆ. ಆಚೆ ಬದಿ ನಿಧಾನ ಇಳಿಜಾರು, ಅದರ ಮೇಲೂ ಹುಲ್ಲು. ಜಿಂಕೆಯೋ ದನವೋ ಮೇಯುತ್ತಾ ಇಳಿದು ಬರುತ್ತದೆ, ಗೋಡೆ ಸಿಗುತ್ತದೆ, ವಾಪಸ್ ಹೋಗುತ್ತದೆ. ಮನೆಯವರಿಗೆ ಗೋಡೆ ಕಾಣುವುದೇ ಇಲ್ಲ. ಎಲ್ಲ ತಮ್ಮದೇ ಅನ್ನಿಸಬೇಕು, ಆದರೆ ಸಗಣಿ ಮಾತ್ರ ಬಾಗಿಲಿಗೆ ಬರಬಾರದು, ಅಷ್ಟೇ ಉಪಾಯ. ಹುಲ್ಲು ಕತ್ತರಿಸುವ ಮಿಷನ್ ಬಂದಿದ್ದು 1830ರಲ್ಲಿ, ಅಲ್ಲಿಯವರೆಗೆ ಕುರಿ, ಜಿಂಕೆ, ಕುಡುಗೋಲು ಇವೇ.

ಅದಕ್ಕಿಂತ ಹಳೆ ಕಾಲದ ಜಿಂಕೆ ಪಾರ್ಕುಗಳಲ್ಲಿ ಲೆಕ್ಕ ಉಲ್ಟಾ. ಕಂದಕ ಒಳಗಡೆ, ದಂಡೆ ಹೊರಗಡೆ, ದಂಡೆ ಮೇಲೆ ಓಕ್ ಮರದ ಸೀಳಿನ ಬೇಲಿ, ಒಳಗಿನ ಜಿಂಕೆ ಹೊರಗೆ ಹಾರಬಾರದು ಅಂತ. ಕೆಲವು ಕಡೆ ಬೇಲಿಯ ಒಂದು ಭಾಗದಲ್ಲಿ ಹೊರಗಿನಿಂದ ಮಣ್ಣು ಏರಿಸಿ ಒಳಗೆ ಆಳ ಗುಂಡಿ ತೋಡುತ್ತಿದ್ದರು. ಕಾಡಿನ ಜಿಂಕೆ ಹಾರಿ ಒಳಗೆ ಬೀಳಬಹುದು, ಮತ್ತೆ ಹೊರಗೆ ಹೋಗಲಾರದು. ಹೊರಗಿನ ಜಿಂಕೆ ರಾಜನದು, ಒಳಗೆ ಬಿದ್ದದ್ದು ನನ್ನದು ಅನ್ನೋದು ಪಾರ್ಕಿನ ಒಡೆಯನ ಲೆಕ್ಕ! ಹಾಗಾಗಿ ಇದಕ್ಕೆ ರಾಜನ ಅಪ್ಪಣೆ ಬೇಕಿತ್ತು. ಬಡವ ಜಿಂಕೆ ಮುಟ್ಟಿದರೆ ಕಥೆಯೇ ಬೇರೆ. 1723ರಲ್ಲಿ ಬ್ಲ್ಯಾಕ್ ಆಕ್ಟ್ ಅಂತ ಕಾನೂನು ಮಾಡಿದರು, ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆ ಕದಿಯಲು ಬಂದವನಿಗೆ ನೇಣು.

ದುಡ್ಡು ಎಲ್ಲಿಂದ ಬಂತು ಅಂತ ಅಪ್ಪ ಕೇಳೇ ಕೇಳುತ್ತೀರಿ. ಎಲ್ಲರದೂ ಒಂದೇ ಥರ ಅಲ್ಲ. ಬ್ರೌನ್‌ನ ಗಿರಾಕಿಗಳಲ್ಲಿ ರಾಬರ್ಟ್ ಕ್ಲೈವ್ ಕೂಡ ಒಬ್ಬ, ಸರ್ರೆಯ ಕ್ಲೇರ್‌ಮಾಂಟ್‌ನಲ್ಲಿ ಮನೆ, ತೋಟ ಎರಡೂ ಮಾಡಿಸಿದ. ಅದು ಯಾರ ದುಡ್ಡು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡ್ ಅಲ್ಲ, ಪಕ್ಕದ ವೇಲ್ಸ್‌ನಲ್ಲಿ ಪೋವಿಸ್ ಕೋಟೆ ಅಂತ ಇದೆ, ಮುಂಚೆ ಕ್ಲೈವ್ ಮಗನ ಮನೆತನಕ್ಕೆ ಸೇರಿತ್ತು. ಅಲ್ಲಿ ನಮ್ಮ ಟಿಪ್ಪುವಿನ ಡೇರೆ ಇದೆ, ಹೂವಿನ ಅಚ್ಚಿನ ಬಟ್ಟೆಯದು. 1799ರ ನಂತರ ಹೋದದ್ದು. ಅದನ್ನು ತೋಟದಲ್ಲಿ ಪಾರ್ಟಿ ಮಾಡುವಾಗ ನೆರಳಿಗೆ ಕಟ್ಟುತ್ತಿದ್ದರಂತೆ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಈಗ ಅಜ್ಜಿ ಕೇಳಬೇಕು.

ಆಗಸ್ಟಿನಲ್ಲಿ ಗೆಳತಿಯ ಕಾರಿನಲ್ಲಿ ಡಾರ್ಸೆಟ್ ಕಡೆ ಹೋಗಿದ್ದೆವು, ಮಿಲ್ಟನ್ ಅಬ್ಬಾಸ್ ಅನ್ನೋ ಹಳ್ಳಿಗೆ. ಒಂದೇ ಬೀದಿ, ಎರಡೂ ಬದಿ ಸಾಲಾಗಿ ಬಿಳಿ ಗೋಡೆಯ ಹುಲ್ಲುಮಾಡಿನ ಮನೆಗಳು, 36. ಎಲ್ಲವೂ ಹೆಚ್ಚು ಕಡಿಮೆ ಒಂದೇ ಥರ. ಜನ ಫೋಟೋ ತೆಗೆಯೋಕೆ ಮುಗಿಬೀಳುತ್ತಾರೆ, ನಾನೂ ತೆಗೆದೆ. ಆಮೇಲೆ ಗೆಳತಿ ಹೇಳಿದಳು, ಇದು ಎಬ್ಬಿಸಿ ಕೂರಿಸಿದ ಊರು ಅಂತ. ಜೋಸೆಫ್ ಡೇಮರ್ ಅನ್ನೋ ಲಾರ್ಡ್‌ಗೆ ತನ್ನ ಮನೆಯ ಪಕ್ಕ ಇದ್ದ ಊರು ಕಣ್ಣಿಗೆ ಚುಚ್ಚುತ್ತಿತ್ತು. ಸಂತೆ, ಶಾಲೆ, ಹೋಟೆಲು ಎಲ್ಲ ಇದ್ದ ಊರು ಅದು. ಒಂದೊಂದೇ ಮನೆ ಬಿಡಿಸಿಕೊಂಡ, ಕೆಡವಿದ, ಹುಲ್ಲು ಬಿತ್ತಿಸಿದ. ಜನರಿಗೆ ಗುಡ್ಡದ ಆಚೆ, ಕಿಟಕಿಯಿಂದ ಕಾಣದ ಕಣಿವೆಯಲ್ಲಿ, 1780ರ ಹೊತ್ತಿಗೆ ಈ ಮನೆಗಳು. ಒಂದೊಂದು ಮನೆಯಲ್ಲಿ ಎರಡೆರಡು ಸಂಸಾರ. ಇದರಲ್ಲೂ ಅದೇ ಬ್ರೌನ್‌ನ ಕೈ ಇದೆ.

ಹ್ಯಾರಿಸನ್ ಅಂತ ಒಬ್ಬ ವಕೀಲ ಮಾತ್ರ ಏಳುವುದಿಲ್ಲ ಅಂತ ಕೂತನಂತೆ. ಲಾರ್ಡು ಕೆರೆಯ ತೂಬು ತೆಗೆಸಿ ಅವನ ಮನೆಗೆ ನೀರು ನುಗ್ಗಿಸಿದ, ವಕೀಲ ಕೋರ್ಟಿಗೆ ಹೋಗಿ ಗೆದ್ದ ಅಂತ ಇವತ್ತಿಗೂ ಹೇಳುತ್ತಾರೆ.

ನೀರು ನುಗ್ಗಿಸಿದ ಅಂದ ತಕ್ಷಣ ನೀನೇ ನೆನಪಾದೆ ಅಜ್ಜಿ. ಲಿಂಗನಮಕ್ಕಿ ಡ್ಯಾಮಿಗೂ ಇದಕ್ಕೂ ಹೋಲಿಕೆ ಸರಿಯಲ್ಲ, ಅಲ್ಲಿ ಕರೆಂಟಿಗಾಗಿ ಮುಳುಗಿಸಿದರು, ಇಲ್ಲಿ ಒಬ್ಬನ ಕಿಟಕಿಗಾಗಿ. ಆದರೂ ಆ ಹುಲ್ಲಿನ ಮೇಲೆ ನಡೆಯುವಾಗ ನೀನು ಹೇಳುತ್ತಿದ್ದುದೇ ಕಿವಿಯಲ್ಲಿ. ಮುಳುಗಡೆಗೆ ಮುಂಚೆ ಹಂಚು ಇಳಿಸಿ, ದಾರಂದ ಕಿತ್ತು ಲಾರಿಗೆ ಹಾಕಿದ್ದು, ತುಳಸಿಕಟ್ಟೆ ಮಾತ್ರ ಏಳಲಿಲ್ಲ ಅಂತ ಬಿಟ್ಟು ಬಂದದ್ದು. ಬೇಸಿಗೆಯಲ್ಲಿ ನೀರು ಇಳಿದು, ಮುಳುಗಿದ ಹಳೆ ಮಡೆನೂರು ಡ್ಯಾಮ್ ಕಾಣಿಸಿಕೊಂಡಾಗಲೆಲ್ಲ ಎಲ್ಲರೂ ಹೋಗುತ್ತಿದ್ದೆವು, ನೀನು ಮಾತ್ರ ಬರುತ್ತಿರಲಿಲ್ಲ. ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಈಗಲೂ ಅದನ್ನು ಕೇಳುತ್ತಿಲ್ಲ. ಕೇಳುತ್ತಿರುವುದು ಇಷ್ಟೇ, ಆ ಮನೆಯ ಸುತ್ತ ಅಗಳು ಎಲ್ಲಿತ್ತು, ಬಾವಿ ಯಾವ ಕಡೆಗಿತ್ತು, ದನ ಯಾವ ದಾರಿಯಲ್ಲಿ ಬರುತ್ತಿದ್ದವು. ನೀನು ಹೇಳು, ಅಮ್ಮ ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು ಫೋಟೋ ಕಳಿಸಲಿ. ತಪ್ಪಾದರೂ ಪರವಾಗಿಲ್ಲ, ಅಮ್ಮನ ಕೈಗೆರೆ ಹೇಗಿರುತ್ತದೆ ಅಂತ ಗೊತ್ತು.

ಅಪ್ಪ, ಎಲೆಚುಕ್ಕಿ ರೋಗ ಕೆಳಗಿನ ತೋಟಕ್ಕೂ ಬಂತಾ? ಅಡಿಕೆ ಕೊನೆ ಕೊಯ್ಲಿಗೆ ಜನ ಸಿಕ್ಕರಾ? ಹಾ-ಹಾದ ನಾಲ್ಕು ಫೋಟೋ ಬೇರೆ ಕಳಿಸಿದ್ದೇನೆ, ಒಂದರಲ್ಲಿ ಅಳತೆಗೆ ಅಂತ ನನ್ನ ಛತ್ರಿ ಇಟ್ಟಿದ್ದೇನೆ. ರಸ್ತೆ ಬದಿಯ ಅಗಳು ಹೇಗೂ ಕುಸಿದಿದೆಯಲ್ಲ, ಅದನ್ನು ಮತ್ತೆ ತೆಗೆಸುವಾಗ ಆಚೆ ಬದಿ ಹೀಗೇ ಇಳಿಜಾರು ಮಾಡಿಸಿ ನೋಡಿ. ಹೋದ ವರ್ಷದ ಹಾಗೆ ಪಕ್ಕದ ಮನೆ ಕರು ಬಿದ್ದು ರಾತ್ರಿಯೆಲ್ಲ ಹಗ್ಗ ಹಿಡಿದು ನಿಲ್ಲುವುದು ತಪ್ಪುತ್ತದೆ.

ನಿಮ್ಮ,
ಪುಟ್ಟಿ