ಅಣ್ಣನಿಗೆ 50 ತುಂಬಿತು, ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು

ಹೋದ ಭಾನುವಾರ ನಮ್ಮಣ್ಣನಿಗೆ 50 ತುಂಬಿತು. ಹನುಮಂತನಗರದ ನಮ್ಮ ಮನೆಯ ಹಾಲ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಬಂದವರಿಗೆಲ್ಲ ಅವತ್ತೇ ಥ್ಯಾಂಕ್ಸ್ ಹೇಳಬೇಕು ಅಂದುಕೊಂಡಿದ್ದೆ. ಕೇಕು, ಹೋಳಿಗೆ, ಮಕ್ಕಳ ಗಲಾಟೆ ನಡುವೆ ಆಗಲಿಲ್ಲ. ಕೆಲವರಿಗೆ ಡ್ಯೂಟಿ ಇತ್ತು, ಬರಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣನಿಗೆ ಡೌನ್ ಸಿಂಡ್ರೋಮ್ ಇದೆ. ನಮಗೆಲ್ಲ 21ನೇ ಕ್ರೋಮೋಸೋಮ್ ಎರಡಿದ್ದರೆ ಅವನಿಗೆ ಮೂರು. ಅವನು ಹುಟ್ಟಿದಾಗ ಡಾಕ್ಟರು ಅಮ್ಮನಿಗೆ "ಇಪ್ಪತ್ತು ದಾಟಿದರೆ ನಿಮ್ಮ ಪುಣ್ಯ" ಅಂದಿದ್ದರಂತೆ. ಅವರದೇನೂ ತಪ್ಪಿಲ್ಲ ಬಿಡಿ. 1983ರಲ್ಲಿ ಅಮೆರಿಕದಂಥ ದೇಶದಲ್ಲೂ ಇವರ ಸರಾಸರಿ ಆಯಸ್ಸು 25 ವರ್ಷ ಇತ್ತು. ಈಗ ಅಲ್ಲಿ ಅದು 60ರ ಹತ್ತಿರ ಬಂದಿದೆ. ಇವರಿಗೂ ತಲೆ ನರೆಯುತ್ತದೆ, ಮಂಡಿ ನೋಯುತ್ತದೆ, ಥೈರಾಯ್ಡ್ ಬರುತ್ತದೆ. ನಮ್ಮ ಆಸ್ಪತ್ರೆಗಳಿಗೆ ಇದಿನ್ನೂ ಅಭ್ಯಾಸ ಆಗಿಲ್ಲ ಅಂತ ಹೋದ ವರ್ಷ ಗೊತ್ತಾಯಿತು.

ಅಣ್ಣ ದಿನಾ ವರ್ಕ್‌ಶಾಪ್‌ಗೆ ಹೋಗುತ್ತಾನೆ. ಅವನಂಥ ದೊಡ್ಡವರು ಸೇರಿ ಪೇಪರ್ ಕವರ್ ಮಾಡುವ, ದೀಪಾವಳಿ ಬಂದರೆ ಹಣತೆಗೆ ಬಣ್ಣ ಹಚ್ಚುವ ಜಾಗ ಅದು. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಕಂಡಕ್ಟರ್‌ಗೆ ಪಾಸ್ ಹೇಗೆ ತೋರಿಸಬೇಕು, ಎಲ್ಲ ಗೊತ್ತು. ಸಂಜೆ ಕಾಫಿ, ಗಾಂಧಿ ಬಜಾರಿನ ಕೋಡುಬಳೆ, ಆಮೇಲೆ ಟಿವಿ. ಆರ್‌ಸಿಬಿ ಮ್ಯಾಚ್ ಇದ್ದರೆ ರಿಮೋಟ್ ಬೇರೆ ಯಾರಿಗೂ ಸಿಗುವುದಿಲ್ಲ.

ಹೋದ ವರ್ಷ ಇದೆಲ್ಲ ಒಂದೊಂದಾಗಿ ನಿಂತಿತು. ಮೊದಲು ಬೆಳಿಗ್ಗೆ ಏಳುವುದೇ ಇಲ್ಲ ಅಂದ. ಕರೆದರೆ ತಿರುಗಿ ನೋಡುವುದು ಬಿಟ್ಟ. ಊಟದ ತಟ್ಟೆ ತಳ್ಳಿದ. ಆಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಲು ಶುರು ಮಾಡಿದ, ರಾತ್ರಿ ಹೊತ್ತು ಜಾಸ್ತಿ. ಅವನಿಗೆ ಮಾತು ಕಡಿಮೆ. ಎಲ್ಲಿ ನೋವು, ಎಷ್ಟು ದಿನದಿಂದ ಅಂತ ಹೇಳಲು ಬರುವುದಿಲ್ಲ.

ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಹೆಸರು ಬೇಡ. ಡಾಕ್ಟರು ಅಣ್ಣನ ಕಡೆ ನೋಡಲಿಲ್ಲ, ಎಲ್ಲ ನನ್ನನ್ನೇ ಕೇಳಿದರು. "ಈ ಕಂಡೀಷನ್ ಇರೋರಿಗೆ ಹೀಗೇ ಆಗುತ್ತೆ ಮೇಡಂ. 50 ಆಗ್ತಾ ಬಂತು, ಮರೆವಿನ ಕಾಯಿಲೆ" ಅಂದರು. ಸಮಾಧಾನವಾಗಿ ಇರಲಿ ಅಂತ ಒಂದು ಮಾತ್ರೆ ಬರೆದರು. ಬಾಯಿ ತೆರೆಸಿ ನೋಡಲಿಲ್ಲ, ಕಿವಿ ನೋಡಲಿಲ್ಲ, ರಕ್ತ ತೆಗೆಸಲಿಲ್ಲ. ಮಾತ್ರೆ ತಗೊಂಡು ಅಣ್ಣ ಇನ್ನೂ ಜಾಸ್ತಿ ಮಲಗಿದ. ಹೊಡೆದುಕೊಳ್ಳುವುದು ಮಾತ್ರ ನಿಲ್ಲಲಿಲ್ಲ.

ಮೊದಲ ಥ್ಯಾಂಕ್ಸ್ ವರ್ಕ್‌ಶಾಪಿನ ಟೀಚರ್‌ಗೆ. ಅಣ್ಣ ಯಾಕೆ ಬರುತ್ತಿಲ್ಲ ಅಂತ ಅವರೇ ಫೋನ್ ಮಾಡಿದರು. ನಮ್ಮ ಕಡೆ ಮನೆಮನೆಗೆ ಹೋಗುವ ಸಮುದಾಯ ಪುನರ್ವಸತಿ ತಂಡಕ್ಕೆ ಹೇಳಿದ್ದೂ ಅವರೇ. ತಂಡ ಅಂದರೆ ಒಬ್ಬರು ನರ್ಸ್, ಒಬ್ಬರು ಫಿಸಿಯೋ, ಒಬ್ಬರು ಸೈಕಾಲಜಿಸ್ಟ್, ಒಬ್ಬರು ಸೋಶಿಯಲ್ ವರ್ಕರ್. ಅಷ್ಟೇ ಜನ. ಬುದ್ಧಿ ಬೆಳವಣಿಗೆ ನಿಧಾನವಾದ ದೊಡ್ಡವರನ್ನೇ ನೋಡುವವರು. ಮಕ್ಕಳಾಗಿದ್ದರೆ ಹೇಗೋ ಒಂದು ದಾರಿ ಇರುತ್ತದೆ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ತಪಾಸಣೆ ಇದೆ, ಥೆರಪಿ ಇದೆ. ಆದರೆ ಅದು 18ಕ್ಕೆ ಮುಗಿಯುತ್ತದೆ. 18 ದಾಟಿದವರ ತಾಯಿ ತಂದೆಗೂ ಅಷ್ಟೊತ್ತಿಗೆ ವಯಸ್ಸಾಗಿರುತ್ತದೆ, ಅಲ್ವಾ?

ನರ್ಸ್ ಬಂದ ದಿನದ್ದು ಸ್ವಲ್ಪ ವಿವರವಾಗಿ ಹೇಳಬೇಕು. ಬಂದವರು ನೆಟ್ಟಗೆ ಅಣ್ಣನ ರೂಮಿಗೆ ಹೋದರು. ಅವನು ಮಂಚದ ಮೂಲೆಯಲ್ಲಿ ಮುದುರಿ ಕೂತಿದ್ದ. "ಅಣ್ಣಾ, ಇಲ್ಲಿ ಕೂತ್ಕೊಳ್ಳಲಾ?" ಅಂತ ಕೇಳಿದರು. ಅವನು ಉತ್ತರ ಕೊಡುವವರೆಗೂ ಕೂರಲಿಲ್ಲ. ನೀವು, ಬನ್ನಿ, ಹೋಗಿ ಅಂತ ಅವನ ಜೊತೆ ಮಾತಾಡುವವರು ನಮ್ಮ ನೆಂಟರಲ್ಲೇ ಕಡಿಮೆ. ಫೈಲ್ ಕೇಳಲಿಲ್ಲ. ಕಾಫಿ ಕೊಟ್ಟೆ, ಕುಡಿಯುತ್ತಾ ಅವನು ತಿನ್ನುವುದನ್ನೇ ನೋಡುತ್ತಿದ್ದರು. ಅಣ್ಣ ಕೋಡುಬಳೆಯನ್ನು ಕಾಫಿಯಲ್ಲಿ ಅದ್ದಿ, ಪೂರ್ತಿ ಮೆತ್ತಗಾದ ಮೇಲೆ, ಎಡಗಡೆಯಿಂದ ಮಾತ್ರ ಅಗಿಯುತ್ತಿದ್ದ. "ಅದ್ದಿ ತಿನ್ನೋದು ಯಾವಾಗಿಂದ?" ಅಂತ ಕೇಳಿದರು. ಅವನು ಹೊಡೆದುಕೊಳ್ಳುತ್ತಿದ್ದದ್ದು ಬಲಗೆನ್ನೆಗೆ.

ಅವರು ಹೇಳಿದ ಮಾತು ನೆನಪಿದೆ. ಇಂಥವರ ನಡವಳಿಕೆ ದಿಢೀರ್ ಅಂತ ಬದಲಾದರೆ ಮೊದಲು ಮೈ ನೋಡಬೇಕು, ಆಮೇಲೆ ಮನಸ್ಸು. ಹಲ್ಲು, ಕಿವಿ, ಕಣ್ಣು, ಮಲಬದ್ಧತೆ, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುವುದು. ಡೌನ್ ಸಿಂಡ್ರೋಮ್ ಇರುವವರಿಗೆ ಇವೆಲ್ಲ ಜಾಸ್ತಿ. ಮರೆವಿನ ಕಾಯಿಲೆಯೂ ಜಾಸ್ತಿಯೇ. ಆಲ್‌ಝೈಮರ್ಸ್‌ಗೆ ಸಂಬಂಧಿಸಿದ ಒಂದು ಜೀನ್ ಅದೇ 21ನೇ ಕ್ರೋಮೋಸೋಮ್‌ನಲ್ಲಿದೆಯಂತೆ, ಹಾಗಾಗಿ ಇವರಿಗೆ ಬೇಗ ಬರಬಹುದು. ಅಂದರೆ ಆ ದೊಡ್ಡ ಆಸ್ಪತ್ರೆಯವರು ಹೇಳಿದ್ದು ಆಗದ ಮಾತೇನಲ್ಲ. ಬೇರೆ ಏನನ್ನೂ ನೋಡದೆ ಹೇಳಿದರು, ನನ್ನ ಸಿಟ್ಟು ಅದಕ್ಕೆ.

ಕಿವಿಯದು ಬೇಗ ಮುಗಿಯಿತು. ಇವರ ಕಿವಿಯ ದಾರಿ ಚಿಕ್ಕದು, ಗುಗ್ಗೆ ಬೇಗ ಗಟ್ಟಿಯಾಗುತ್ತದೆ. ಕೆಲವು ದಿನ ಡ್ರಾಪ್ಸ್ ಹಾಕಿ ಇಎನ್‌ಟಿ ಡಾಕ್ಟರ ಹತ್ತಿರ ತೆಗೆಸಿದೆವು. ಮನೆಗೆ ಬಂದ ಮೇಲೆ ಕುಕ್ಕರ್ ಕೂಗಿದ್ದಕ್ಕೆ ಬೆಚ್ಚಿಬಿದ್ದ. ನಾನು ನಕ್ಕು ನಕ್ಕು ಅತ್ತೆ.

ರಕ್ತ ತೆಗೆಸುವುದು ದೊಡ್ಡ ಕಥೆ. ಸೂಜಿ ಕಂಡರೆ ಅಣ್ಣ ಮನೆಯಿಂದಲೇ ಓಡುತ್ತಾನೆ. ನಾಲ್ಕು ಜನ ಹಿಡಿದುಕೊಂಡರೆ ಆಯಿತು ಅಂತ ಹಿಂದೆ ಒಂದು ಕಡೆ ಹೇಳಿದ್ದರು. ಈ ನರ್ಸ್ ಹಾಗೆ ಮಾಡಲಿಲ್ಲ. ಒಂದು ವಾರ ಕೈಗೆ ಪಟ್ಟಿ ಕಟ್ಟಿ ಬಿಚ್ಚುವುದು ಮಾತ್ರ. ಮುಂದಿನ ವಾರ ಹತ್ತಿಯಿಂದ ಒರೆಸುವುದು. ಆಮೇಲೆ ಸೂಜಿ ಇಲ್ಲದ ಸಿರಿಂಜು, ಅದನ್ನು ಅಣ್ಣನೇ ನರ್ಸ್ ಕೈಗೆ ಹಿಡಿದು ಆಟ ಆಡಿದ. ಪ್ರತಿ ಹೆಜ್ಜೆಯ ಫೋಟೋ ತೆಗೆದು ಅವನ ಗೋಡೆಗೆ ಅಂಟಿಸಿದೆವು. ಕೊನೆಗೆ ಚರ್ಮ ಮರಗಟ್ಟಿಸುವ ಮುಲಾಮನ್ನು ಒಂದು ಗಂಟೆ ಮೊದಲೇ ಹಚ್ಚಿ, ಮೇಲೆ ಪ್ಲಾಸ್ಟಿಕ್ ಅಂಟಿಸಿ, ಲ್ಯಾಬ್ ಹುಡುಗನನ್ನು ಮನೆಗೇ ಕರೆಸಿದೆವು. ಅಣ್ಣ ಸಿದ್ಧನಾಗುವವರೆಗೂ ಆ ಹುಡುಗ ಗಡಿಯಾರ ನೋಡದೆ ಕೂತಿದ್ದ, ಜೊತೆಗೆ ಹಳೇ ಮ್ಯಾಚಿನ ಹೈಲೈಟ್ಸ್ ಬೇರೆ ನೋಡಿದ. ತಮ್ಮಾ, ಅವತ್ತು ನಿನಗೆ ಬೇರೆ ಮನೆಗಳಿಗೆ ಲೇಟಾಗಿರಬೇಕು. ತುಂಬಾ ಥ್ಯಾಂಕ್ಸ್.

ಥೈರಾಯ್ಡ್ ತೀರಾ ಕಡಿಮೆ ಇತ್ತು. ಸೋಮಾರಿ ಅಂತ ನೆಂಟರು ಅಂದಿದ್ದು ಇದಕ್ಕೆ. ಈಗ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಅರ್ಧ ಗಂಟೆ ಆದ ಮೇಲೆ ಕಾಫಿ. ಆ ಅರ್ಧ ಗಂಟೆ ಕಾಯಿಸುವುದು ನಮ್ಮ ಮನೆಯವರ ಕೆಲಸ. ಅವರಿಗೂ ಒಂದು ಥ್ಯಾಂಕ್ಸ್ ಇಲ್ಲೇ ಹೇಳಿಬಿಡುತ್ತೇನೆ, ಎದುರಿಗೆ ಹೇಳಿದರೆ ನಾಚಿಕೊಳ್ಳುತ್ತಾರೆ.

ಇನ್ನು ಹಲ್ಲು. ಬಲಗಡೆ ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಎಚ್ಚರವಿದ್ದಾಗ ಅಣ್ಣ ಬಾಯಿ ತೆರೆಯುವ ಮಾತೇ ಇಲ್ಲ, ಪೂರ್ತಿ ಅರಿವಳಿಕೆ ಕೊಟ್ಟೇ ತೆಗೆಯಬೇಕು ಅಂದರು. ಆಗ ಬಂತು ಒಪ್ಪಿಗೆ ಪತ್ರಕ್ಕೆ ಸಹಿ ಯಾರು ಹಾಕಬೇಕು ಅನ್ನುವ ಪ್ರಶ್ನೆ. 18 ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಕಾನೂನಿನ ಪೋಷಕರು ಆಗುವುದಿಲ್ಲ, ಅಂದಮೇಲೆ ತಂಗಿ ಯಾವ ಲೆಕ್ಕ? 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಸಮಿತಿ ಈ ಪೋಷಕತ್ವ ಕೊಡುತ್ತದೆ. ಅಮ್ಮ ಹೋದ ಮೇಲೆ ಸೋಶಿಯಲ್ ವರ್ಕರ್ ಮೇಡಂ ಬೆನ್ನು ಬಿಡದೆ ನನ್ನಿಂದ ಅರ್ಜಿ ಹಾಕಿಸಿದ್ದರು. ಅದೇ ನ್ಯಾಸದ ನಿರಾಮಯ ವಿಮೆಯನ್ನೂ ಅವರೇ ಮಾಡಿಸಿದ್ದು. ಅದರಲ್ಲಿ ಒಂದು ಲಕ್ಷ ರೂಪಾಯಿವರೆಗೆ ಇದೆ, ಟೆಸ್ಟ್ ಮತ್ತು ಡಾಕ್ಟರ್ ಫೀಸಿನ ಖರ್ಚಲ್ಲಿ ಒಂದಷ್ಟು ವಾಪಸ್ ಬಂತು. ಮೇಡಂ, ಆಗ ನಿಮ್ಮ ಫೋನ್ ನೋಡಿದರೆ ತಲೆನೋವು ಅನ್ನಿಸುತ್ತಿತ್ತು. ಈಗ ಕೈ ಮುಗಿಯುತ್ತೇನೆ.

ಅರಿವಳಿಕೆ ಡಾಕ್ಟರು ಮೊದಲು ಕೇಳಿದ್ದು ಕುತ್ತಿಗೆಯ ಬಗ್ಗೆ. ಡೌನ್ ಸಿಂಡ್ರೋಮ್ ಇರುವ ಕೆಲವರಿಗೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಸಡಿಲ ಇರುತ್ತದೆ. ಉಸಿರಾಟದ ನಳಿಗೆ ಹಾಕುವಾಗ ತಲೆ ಜಾಸ್ತಿ ಹಿಂದಕ್ಕೆ ಬಾಗಿಸಿದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ಎಕ್ಸ್‌ರೇ ತೆಗೆಸಿ, ಹೃದಯದ ಎಕೋ ಮಾಡಿಸಿ, ಆಮೇಲೆ ಡೇಟ್ ಕೊಟ್ಟರು. ಅವತ್ತು ನಮ್ಮನ್ನು ಮೊದಲು ಒಳಗೆ ಬಿಟ್ಟ ಅಟೆಂಡರ್ ಅಮ್ಮನನ್ನು ಮರೆಯುವ ಹಾಗಿಲ್ಲ. ಅಂಗವಿಕಲರಿಗೆ ಆಸ್ಪತ್ರೆಯಲ್ಲಿ ಆದ್ಯತೆ ಕೊಡಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ, 25ನೇ ಸೆಕ್ಷನ್. ಆಯಮ್ಮನಿಗೆ ಸೆಕ್ಷನ್ ಗೊತ್ತಿರಲಿಲ್ಲ. "ಪಾಪ, ಗದ್ದಲ ಆಗಲ್ಲ ಅವರಿಗೆ" ಅಂತ ಕ್ಯೂನಲ್ಲಿದ್ದವರನ್ನು ಗದರಿಸಿ ದಾರಿ ಮಾಡಿದರು.

ಹಲ್ಲು ತೆಗೆದ ಮೇಲೆ ಕೆನ್ನೆಗೆ ಹೊಡೆದುಕೊಳ್ಳುವುದು ನಿಂತಿತು. ದೊಡ್ಡ ಆಸ್ಪತ್ರೆಯವರು ಬರೆದಿದ್ದ ಆ ಮಾತ್ರೆಯನ್ನು ಬೇರೆ ಡಾಕ್ಟರ ಸಲಹೆ ಪಡೆದು ನಿಧಾನವಾಗಿ ಬಿಡಿಸಿದೆವು.

ಇಂಗ್ಲೆಂಡಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೂ ಒಂದು ಮಾತು. ಅಲ್ಲಿ ಬುದ್ಧಿ ಬೆಳವಣಿಗೆ ನಿಧಾನವಾದವರನ್ನು ನೋಡಿಕೊಳ್ಳಲೆಂದೇ ನರ್ಸಿಂಗ್‌ನಲ್ಲಿ ಬೇರೆ ವಿಭಾಗ ಇದೆ, ಅವಳು ಓದಿದ್ದು ಅದನ್ನೇ. 14 ವರ್ಷ ತುಂಬಿದ ಮೇಲೆ ಇವರಿಗೆ ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ ಇದೆಯಂತೆ. ಹಾಗಂತ ಅಲ್ಲಿ ಎಲ್ಲ ಸರಿ ಇದೆ ಅಂತಲ್ಲ. 2013ರಲ್ಲಿ ಬಂದ ಒಂದು ವರದಿ ಪ್ರಕಾರ ಅಲ್ಲಿ ಇಂಥ ಗಂಡಸರು ಉಳಿದವರಿಗಿಂತ ಸರಾಸರಿ 13 ವರ್ಷ ಮೊದಲು, ಹೆಂಗಸರು 20 ವರ್ಷ ಮೊದಲು ಸಾಯುತ್ತಿದ್ದರು. ಆಸ್ಪತ್ರೆಗೆ ಹೋದಾಗ ತೋರಿಸಲು ಅಲ್ಲಿ ಬಳಸುವ ಹಾಸ್ಪಿಟಲ್ ಪಾಸ್‌ಪೋರ್ಟ್ ಅನ್ನುವ ಹಾಳೆಯ ನಮೂನೆಯನ್ನು ಅವಳು ಕಳಿಸಿದಳು. ನಾನು ಮತ್ತು ನರ್ಸ್ ಕೂತು ಕನ್ನಡದಲ್ಲಿ ಮಾಡಿಕೊಂಡೆವು. ಕೆಂಪು ಭಾಗದಲ್ಲಿ ಡಾಕ್ಟರಿಗೆ ಗೊತ್ತಿರಲೇಬೇಕಾದ್ದು: ಥೈರಾಯ್ಡ್, ಕುತ್ತಿಗೆ, ಮಾತ್ರೆಗಳು. ಹಳದಿಯಲ್ಲಿ, ನೋವಾದರೆ ಆ ಜಾಗಕ್ಕೆ ಹೊಡೆದುಕೊಳ್ಳುತ್ತಾನೆ, ರಕ್ತಕ್ಕೆ ಮೊದಲು ಮುಲಾಮು ಬೇಕು. ಹಸಿರಿನಲ್ಲಿ ಅವನಿಗೆ ಇಷ್ಟವಾದದ್ದು, ಆಗದ್ದು. ಅಲ್ಲಿ ಏನು ಬರೆಯಲಿ ಅಂತ ಅವನನ್ನೇ ಕೇಳಿದೆ. "ಆರ್‌ಸಿಬಿ" ಅಂದ. ಸ್ವಲ್ಪ ಹೊತ್ತು ಬಿಟ್ಟು "ಪುಟ್ಟ ಬೇಡ" ಅಂದ. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಪುಟ್ಟ ಅಂತಲೇ ಕರೆಯುತ್ತಿದ್ದರು. ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ.

ಮರೆವಿನ ಕಾಯಿಲೆ ಮುಂದೆ ಬರುವುದೇ ಇಲ್ಲ ಅಂತ ಯಾರೂ ಹೇಳಿಲ್ಲ. ಸೈಕಾಲಜಿಸ್ಟ್ ಮೇಡಂ ಅಣ್ಣ ಈಗ ಏನೇನು ಮಾಡುತ್ತಾನೆ ಅಂತ ವಿಡಿಯೋ ಮಾಡಿಸಿ ಇಟ್ಟಿದ್ದಾರೆ. ಅಂಗಿ ಗುಂಡಿ ಹಾಕುವುದು, ಬಸ್ಸು ಹತ್ತುವುದು, ಕಾಫಿ ಲೋಟ ತೊಳೆಯುವುದು. ಪ್ರತಿ ವರ್ಷ ಮತ್ತೆ ತೆಗೆದು ಹೋಲಿಸಿ ನೋಡಬೇಕು. ಈ ವರ್ಷದ್ದರಲ್ಲಿ ಅವನು ಕ್ಯಾಮೆರಾ ನೋಡಿ ಪೋಸ್ ಕೊಟ್ಟಿದ್ದೇ ಜಾಸ್ತಿ.

ರಾತ್ರಿ ಗಲಾಟೆಗೆ ಒಂದು ದಿನವೂ ಬಾಗಿಲು ತಟ್ಟಿ ಬೈಯದ ಮೇಲಿನ ಮನೆಯವರಿಗೆ, ಆಟೋ ಅಣ್ಣನಿಗೆ, ಅಣ್ಣನ ಕುರ್ಚಿಯನ್ನು ಬೇರೆಯವರಿಗೆ ಕೊಡದೆ ಇಟ್ಟುಕೊಂಡಿದ್ದ ವರ್ಕ್‌ಶಾಪಿನ ಗೆಳೆಯರಿಗೆ, ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಇಂಥ ದೊಡ್ಡವರಿದ್ದು ಆ ಹಾಳೆ ಬೇಕಾದವರು ಕೇಳಿ, ಖಾಲಿ ಫಾರಂ ಕಳಿಸುತ್ತೇನೆ. ಪ್ರಿಂಟ್ ಮಾತ್ರ ಕಲರ್‌ನಲ್ಲೇ ತೆಗೆಸಿ. ಕಪ್ಪು ಬಿಳುಪಿನಲ್ಲಿ ಕೆಂಪು ಯಾವುದು, ಹಸಿರು ಯಾವುದು ಗೊತ್ತಾಗುವುದಿಲ್ಲ.